ಹಳೇ ರಸ್ತೆಯಲ್ಲಿ ಬನ್ನಿ, ಹೊಟ್ಟೆ ತುಂಬಾ ಉಣ್ಣಿ

ಮಂಡ್ಯದಿಂದ ಬೆಂಗಳೂರಿಗೆ ಹೋಗುವಾಗ ಎಲ್ಲಿ ತಿಂದರೆ ಚೆನ್ನಾಗಿರುತ್ತೆ ಅಂತ ಗೆಳೆಯರು ಕೇಳ್ತಿರ್ತಾರೆ. ನಾನು ತಿರುಗಿ ಕೇಳೋದು ಒಂದೇ: ‘ಕಾರಲ್ಲೋ, ಬೈಕಲ್ಲೋ?’

ಕಾರಿನವರಿಗೆ ಎಕ್ಸ್‌ಪ್ರೆಸ್‌ವೇ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆ ಮಂಡ್ಯ, ಚನ್ನಪಟ್ಟಣ, ರಾಮನಗರ, ಬಿಡದಿಯನ್ನೆಲ್ಲ ಪಕ್ಕಕ್ಕೆ ಬಿಟ್ಟು ಹೋಗುತ್ತೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳು ಅದರ ಮುಖ್ಯ ರಸ್ತೆಗೆ ಹತ್ತುವ ಹಾಗಿಲ್ಲ. ಬೈಕಿನವನಾದ ನನಗೆ ಹಳೇ ರಸ್ತೆಯೇ ಗತಿ. ಹೊಟ್ಟೆಗೆ ಮಾತ್ರ ಅದರಿಂದ ಲಾಭವೇ ಆಗಿದೆ.

ಮಧ್ಯಾಹ್ನ ಹೊರಡೋದಾದ್ರೆ ಮಂಡ್ಯದಲ್ಲೇ ಮುದ್ದೆ ಉಂಡು ಹೊರಡಿ. ಬಸ್ಸಾರು ಮಾಡುವ ಮೆಸ್ ಹುಡುಕಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಮಾಂಸ ತಿನ್ನೋರಿಗೆ ನಾಟಿ ಕೋಳಿ ಸಾರು ಇದ್ದೇ ಇದೆ. ಬೋರ್ಡ್ ನೋಡಬೇಡಿ, ಊಟದ ಹೊತ್ತಲ್ಲಿ ಹೊರಗೆ ಎಷ್ಟು ಆಟೋ ನಿಂತಿವೆ ಅಂತ ನೋಡಿ.

ಸಂಜೆಯಾದ್ರೆ ಮದ್ದೂರಲ್ಲಿ ವಡೆ. 1917ರಲ್ಲಿ ಇಲ್ಲಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಅವರು, ರೈಲು ಬೇಗ ಬಂತು ಅಂತ ಪಕೋಡದ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಒಳ್ಳೆ ವಡೆ ಅಂದ್ರೆ ಅಂಚು ಗರಿಗರಿ, ನಡುವೆ ಮೆತ್ತಗೆ, ಮುರಿದ ಕೂಡಲೇ ಈರುಳ್ಳಿ ಘಮ ಬರಬೇಕು. ಬಾಣಲೆಯಿಂದ ಈಗ ತಾನೇ ತೆಗೆದದ್ದನ್ನೇ ಕೇಳಿ ಹಾಕಿಸಿಕೊಳ್ಳಿ.

ಮಕ್ಕಳು, ಹಿರಿಯರು ಜೊತೆಗಿದ್ರೆ ರಾಮನಗರದ ಜಾನಪದ ಲೋಕದ ಪಕ್ಕದ ಕಾಮತ್ ಲೋಕರುಚಿಗೆ ಹೋಗಿ. ಜೋಳದ ರೊಟ್ಟಿ ಊಟ ಸಿಗುತ್ತೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನೂ ನೋಡಿದ ಹಾಗಾಗುತ್ತೆ.

ಬೆಳಗ್ಗೆಯಾದ್ರೆ ಬಿಡದಿ ತಟ್ಟೆ ಇಡ್ಲಿ. ಅಂಗೈಗಿಂತ ಅಗಲ, ಮೇಲೊಂದು ಬೆಣ್ಣೆ ಉಂಡೆ, ಪಕ್ಕದಲ್ಲಿ ಚಟ್ನಿ. ಎರಡು ತಿಂದ್ರೆ ಮಧ್ಯಾಹ್ನದವರೆಗೂ ಹಸಿವಿಲ್ಲ.

ಇಷ್ಟೆಲ್ಲ ಹೇಳೋಕೆ ಕಾರಣ ರುಚಿಯೊಂದೇ ಅಲ್ಲ. ನಾನು ಕಾಯಂ ಹೋಗುವ ಒಂದು ಇಡ್ಲಿ ಹೋಟೆಲಿನಲ್ಲಿ ಮೊದಲು ಆರು ಜನ ಕೆಲಸಕ್ಕಿದ್ದರು. ಈಗ ಮೂವರಿದ್ದಾರೆ. ‘ಕಾರಿನೋರು ಮೇಲೇ ಹೊಂಟೋಯ್ತಾರೆ ಕಣಣ್ಣ. ಈಗೇನಿದ್ರೂ ನಿಮ್ಮಂಥೋರೇ ನಮ್ಗೆ’ ಅಂದರು ಒಲೆ ಮುಂದಿದ್ದ ಅಕ್ಕ. ಒಂದು ಹೋಟೆಲ್ ಬಾಗಿಲು ಹಾಕಿದ್ರೆ ಹಾಲು ಹಾಕೋರು, ಸೊಪ್ಪು ತರೋರು, ಬಾಳೆ ಎಲೆ ಕೊಯ್ಯೋರು ಎಲ್ಲರಿಗೂ ಪೆಟ್ಟು. ಅವರು ಬೇರೆ ಯಾರೂ ಅಲ್ಲ, ನಮ್ಮ ನಿಮ್ಮ ಊರಿನವರೇ.

ರಸ್ತೆ ಬೇಡ ಅನ್ನೋದಿಲ್ಲ. ಆಸ್ಪತ್ರೆಗೆ ಓಡುವವರಿಗೆ ಅದು ಬೇಕು. ಅಂಥ ಅವಸರ ಇಲ್ಲದ ದಿನ ಊರೊಳಗೆ ಬನ್ನಿ. ಕಾರಿರುವ ನೆಂಟರಿಗೂ ಹೇಳಿ, ಎಕ್ಸ್‌ಪ್ರೆಸ್‌ವೇ ಹತ್ತುವ ಮುಂಚೆ ಒಂದು ಕಡೆ ನಿಲ್ಲಿಸಲಿ. ನಿಮ್ಮೂರಿನ ಹತ್ತಿರ ಇಂಥ ಹೋಟೆಲ್ ಇದ್ರೆ ಈ ವಾರವೇ ಒಮ್ಮೆ ಹೋಗಿ ಬನ್ನಿ.