ತುಫೈಲಿ ಕಣಜ

ಇಳಕಲ್‌ನಲ್ಲಿ ಹುಟ್ಟಿ ಬೆಳೆದ ನಮಗೆ ತೆಂಗು ಎಂದರೆ ಮರವಲ್ಲ, ಕಾಯಿ. ದರ್ಗಾಕ್ಕೂ ಬೇಕು, ಮಠಕ್ಕೂ ಬೇಕು, ಉಡಿ ತುಂಬಲೂ ಬೇಕು. ಅದು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಮಗ್ಗ, ಸೀರೆ, ಕೆಂಪು ಕಲ್ಲು, ಇವೇ ನಮ್ಮೂರಿನ ಮಾತು. ತೋಟದ ಮಾತು ನಮ್ಮ ಮನೆಗೆ ಬಂದದ್ದು ಆಪಾರನ್ನು ಅರಸೀಕೆರೆ ಕಡೆ ಕೊಟ್ಟ ಮೇಲೆ. ಭಾವನವರ ಮನೆಯಲ್ಲಿ ಮಕ್ಕಳ ಫೀಸಿನಿಂದ ಹಿಡಿದು ಮದುವೆಯವರೆಗೆ ಎಲ್ಲಕ್ಕೂ ಕೊಬ್ಬರಿಯೇ ಆಧಾರ.

ಹೋದ ವರ್ಷ ಆಪಾ ಫೋನು ಮಾಡಿ, "ಮರಕ್ಕ ಯಾರೋ ಬೆಂಕಿ ಹಚ್ಚಿದಂಗ ಆಗ್ಯಾವ" ಎಂದರು. ಹೋಗಿ ನೋಡಿದರೆ ಕೆಳಗಿನ ಗರಿಗಳೆಲ್ಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಗರಿಯನ್ನು ತಿರುವಿದರೆ ಕೆಳಮೈಯಲ್ಲಿ ನೂಲು ಮತ್ತು ಹಿಕ್ಕೆ ಸೇರಿಸಿ ಕಟ್ಟಿದ ಉದ್ದನೆಯ ಗೂಡು, ಅದರೊಳಗೆ ಕಪ್ಪುತಲೆ ಹುಳು. ನೇಕಾರರ ಊರಿನವರಾದ ನಮಗೆ ಆ ನೂಲು ನೋಡಿ ಹೊಟ್ಟೆ ಉರಿಯಿತು. ಹುಳು ಎಲೆಯ ಹಸಿರನ್ನು ಕೆರೆದು ತಿಂದು, ಆಚೆಗೆ ತೆಳ್ಳನೆಯ ಪೊರೆಯನ್ನಷ್ಟೇ ಬಿಡುತ್ತದೆ.

ಭಾವನವರು ಬೇರಿನ ಮೂಲಕ ವಿಷ ಕೊಡಿಸುವ ಯೋಚನೆಯಲ್ಲಿದ್ದರು. ಕೊಟ್ಟರೆ ಒಂದೂವರೆ ತಿಂಗಳು ಕಾಯಿ ಕೀಳುವಂತಿಲ್ಲ. ಅಲ್ಲಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಬೇರೆ ದಾರಿ ಹೇಳಿದರು. (ಆ ಕೇಂದ್ರ ನಮ್ಮ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೇ ಸೇರಿದ್ದೆಂದು ತಿಳಿದು ಸ್ವಲ್ಪ ಜಂಬವೂ ಆಯಿತು.) ಗೋನಿಯೋಜಸ್ ಎಂಬ ಕಣಜವನ್ನು ಬಿಡಿ ಎಂದರು. ಕಣಜ ಎಂದರೆ ಮನೆಯ ಜಂತಿಯಲ್ಲಿ ಗೂಡು ಕಟ್ಟಿ ಕಚ್ಚುವ ಜಾತಿಯಲ್ಲ, ಕಪ್ಪಿರುವೆಯಷ್ಟು ಸಣ್ಣದು. ಹೆಣ್ಣು ಕಣಜ ಗೂಡಿನೊಳಗೆ ನುಗ್ಗಿ ಹುಳವನ್ನು ಕುಟುಕಿ ಕೈಕಾಲು ಆಡದಂತೆ ಮಾಡುತ್ತದೆ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿಗಳು ಹುಳದ ರಸ ಹೀರಿ ಬೆಳೆಯುವವರೆಗೆ ಪಕ್ಕದಲ್ಲೇ ಕಾವಲಿರುತ್ತದೆ. ಕೀಟಗಳಲ್ಲಿ ಇಂಥ ತಾಯಿ ಅಪರೂಪ.

ಇವುಗಳಿಗೆ ಕನ್ನಡದಲ್ಲಿ ಪರೋಪಜೀವಿ ಎನ್ನುತ್ತಾರೆ. ನಾವು ಉರ್ದು ಶಾಲೆಯಲ್ಲಿ ಕಲಿತ ಪದ ತುಫೈಲಿ. ಕೂಫಾ ನಗರದಲ್ಲಿ ತುಫೈಲ್ ಎಂಬೊಬ್ಬನಿದ್ದನಂತೆ. ಕರೆಯದಿದ್ದರೂ ಮದುವೆ ಊಟಕ್ಕೆ ಹಾಜರು. ಆದರೆ ತುಫೈಲ್ ಉಂಡು ಹೋಗುತ್ತಿದ್ದ, ಮನೆಯವರು ಬದುಕುಳಿಯುತ್ತಿದ್ದರು. ಈ ಕಣಜ ಯಜಮಾನನನ್ನೇ ಮುಗಿಸುತ್ತದೆ. ಅದು ಪ್ರಯೋಗಾಲಯದಲ್ಲಿ ಬೆಳೆಯುವುದು ಅಕ್ಕಿ ಪತಂಗದ ಹುಳುಗಳ ಮೇಲೆ, ಆ ಹುಳುಗಳು ಬೆಳೆಯುವುದು ಒಡೆದ ಜೋಳದ ಮೇಲೆ. ತೆಂಗನ್ನು ಉಳಿಸಲು ಕೊನೆಗೆ ನಮ್ಮ ಜೋಳವೇ ಬೇಕಾಯಿತೆಂದು ಆಪಾ ನಕ್ಕರು.

ಒಣಗಿದ ಗರಿಗಳನ್ನು ಕಡಿದು ಸುಟ್ಟು, ಸಂಜೆ ಹೊತ್ತು ಮರಕ್ಕೆ ಸುಮಾರು 20ರಂತೆ, ಕಾಂಡದ ಮೇಲೆ ಬಿಟ್ಟರು. ನೆತ್ತಿಯಲ್ಲಿ ಬಿಟ್ಟರೆ ಜೇಡಗಳ ಬಾಯಿಗೆ ಬೀಳುತ್ತವಂತೆ. ಹದಿನೈದು ದಿನ ಬಿಟ್ಟು ಮತ್ತೆ, ಹೀಗೆ ಹಲವು ಸಲ.

ಕಷ್ಟ ಬಂದದ್ದು ಬೇಲಿಯಲ್ಲಿ. ಕಣಜಕ್ಕೆ ಸರ್ವೆ ನಂಬರು ಗೊತ್ತಿಲ್ಲ. ಪಕ್ಕದ ತೋಟದವರು ವಿಷ ಹೊಡೆದರೆ ಇಲ್ಲಿ ಬಿಟ್ಟ ಕಣಜವೂ ಸಾಯುತ್ತದೆ. ಅವರು ಏನೂ ಮಾಡದಿದ್ದರೆ ಅಲ್ಲಿಯ ಪತಂಗ ಇಲ್ಲಿಗೆ ಬರುತ್ತದೆ. ಆ ಮನೆಯವರಿಗೂ ಭಾವನವರಿಗೂ ಬದುವಿನ ವಿಚಾರಕ್ಕೆ ಆರು ವರ್ಷ ಮಾತಿರಲಿಲ್ಲ. ಮೊದಲು ಹೋದವರು ಆಪಾ. ಒಳಗೆ ಕರೆಯುವವರೆಗೆ ಅಂಗಳದಲ್ಲೇ ನಿಂತಿದ್ದರಂತೆ. "ಬದು ನಿಮ್ಮದೇ ಇರಲಿ, ಔಷಧಿ ಮಾತ್ರ ಹೊಡೀಬ್ಯಾಡ್ರಿ ಅಣ್ಣಾರ" ಎಂದರಂತೆ. ಭಾವನವರಿಗೆ ಅದು ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಮುಂದಿನ ಸಲ ಕಣಜದ ಕೊಳವೆಗಳು ಎರಡೂ ತೋಟಕ್ಕೆ ಬಂದವು.

ಈಗ ಹೊಸ ಗರಿಗಳು ಹಸಿರಾಗಿವೆ. ತೆಂಗು ಬಿಡುವುದು ತಿಂಗಳಿಗೆ ಹೆಚ್ಚು ಕಡಿಮೆ ಒಂದೇ ಗರಿ. ಮರ ಮೊದಲಿನಂತೆ ತುಂಬಲು ಎರಡು ವರ್ಷವಾದರೂ ಬೇಕು, ಕಾಯಿ ಅದಕ್ಕೂ ನಿಧಾನ. ಮಗಳ ನಿಕಾಹ್ ಮುಂದಕ್ಕೆ ಹೋಗಿದೆ. ಗಂಡಿನವರು ಒಂದು ವರ್ಷ ಕಾಯುತ್ತೇವೆ ಎಂದಿದ್ದಾರೆ. ಎರಡನೆಯ ವರ್ಷದ ಮಾತನ್ನು ಆಪಾ ಇನ್ನೂ ಎತ್ತಿಲ್ಲ.