ಯಾಬಿಸಾದ ಬೀದಿಯಲ್ಲಿ

ಇಬಿಜಾಕ್ಕೆ ಹೋಗಿದ್ದೆ ಎಂದರೆ ನಮ್ಮೂರಿನ ಹುಡುಗರು ಕಣ್ಣು ಮಿಟುಕಿಸುತ್ತಾರೆ. ರಾತ್ರಿಯಿಡೀ ಕುಣಿಯುವವರ ದ್ವೀಪ ಅದು ಎಂದು ಅವರಿಗೆ ಗೊತ್ತು. ನಾನು ಹೋದದ್ದು ಬೇರೆ ಕಾರಣಕ್ಕೆ. ತಂಗಿಯ ಗಂಡ ಬಾರ್ಸಿಲೋನಾದಲ್ಲಿ ಕೆಲಸದಲ್ಲಿದ್ದಾನೆ. ಅವರ ಮನೆಯಲ್ಲಿ ತಿಂಗಳೊಪ್ಪತ್ತು ಇದ್ದಾಗ ಮೆಡಿಟರೇನಿಯನ್ನಿನ ಈ ಸ್ಪ್ಯಾನಿಷ್ ದ್ವೀಪವನ್ನು 902ರಿಂದ 1235ರವರೆಗೆ ಮುಸ್ಲಿಮರು ಆಳಿದ್ದರು, ಆಗ ಅದರ ಹೆಸರು ಯಾಬಿಸಾ ಎಂದು ಓದಿದೆ. ಉರ್ದು ಶಾಲೆಯಲ್ಲಿ ಕಲಿತ ನನಗೆ 'ಯಾಬಿಸ್' ಎಂದರೆ ಒಣಗಿದ್ದು. ನೀರಿನ ನಡುವೆ ಒಣ ದ್ವೀಪವೇ ಎಂದು ಕುತೂಹಲವಾಯಿತು. ಹೆಸರು ಅರಬರಿಗಿಂತ ಹಳೆಯದು, ಫಿನೀಷಿಯನ್ನರದು, ಅರಬರು ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡದ್ದಷ್ಟೇ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ರಾತ್ರಿ ಹಡಗಿನ ಟಿಕೆಟ್ ಕೊಂಡಾಗಿತ್ತು.

ಬೆಳಿಗ್ಗೆ ಇಳಿದವನೇ ಕೋಟೆ ಹತ್ತಿದೆ. ಹೊರಗಿನ ದಪ್ಪ ಗೋಡೆ ಹದಿನಾರನೆಯ ಶತಮಾನದ್ದು. ಒಳಗೆ ಅಲ್ಲಲ್ಲಿ ಅರಬರ ಗೋಡೆಯ ತುಂಡುಗಳಿವೆ, 'ಮದೀನಾ ಯಾಬಿಸಾ' ಎಂಬ ಪುಟ್ಟ ಸಂಗ್ರಹಾಲಯವಿದೆ. ಮಸೀದಿ ಇದ್ದ ಜಾಗದಲ್ಲಿ ಈಗ ಚರ್ಚು. ಊರುಕೇರಿಗಳ ಹೆಸರಿನಲ್ಲಿ 'ಬನೀ' ಉಳಿದುಕೊಂಡಿದೆ: ಬೆನಿಮುಸ್ಸಾ, ಬೆನಿರಾಸ್. ಇವನ್ನೆಲ್ಲ ನೋಡಿ ಮುಗಿಸಲು ಅರ್ಧ ದಿನ ಸಾಕಾಯಿತು.

ಭಾವ ಗೊತ್ತು ಮಾಡಿಕೊಟ್ಟಿದ್ದ ಕೋಣೆ ಕೋಟೆಯ ಕೆಳಗೆ, ಬಂದರಿಗೆ ಹತ್ತಿರ. ಬೀದಿಯ ಹೆಸರು ಕಾಯೆ ದೆ ಲಾ ವಿರ್ಹೆನ್, ಅಂದರೆ ನಮ್ಮ ಬೀಬಿ ಮರಿಯಮ್ಮರ ಬೀದಿ. ಮಧ್ಯಾಹ್ನ ಸುಣ್ಣ ಬಳಿದ ಗೋಡೆಗಳು, ಮುಚ್ಚಿದ ಬಾಗಿಲುಗಳು, ಒಂದು ಬೆಕ್ಕು. ಇಶಾ ಮುಗಿಸಿ ಕೆಳಗಿಳಿದರೆ ಬೀದಿ ತುಂಬ ಗಂಡಸರು. ಕೈ ಕೈ ಹಿಡಿದವರು, ಹೆಗಲ ಮೇಲೆ ಕೈ ಹಾಕಿದವರು, ಆರಡಿ ಎತ್ತರದ ಒಬ್ಬ ಹೆಣ್ಣುವೇಷಧಾರಿ ಬಾರಿನ ಬಾಗಿಲಲ್ಲಿ ನಿಂತು ದಾರಿಹೋಕರನ್ನೆಲ್ಲ ಗೇಲಿ ಮಾಡುತ್ತಿದ್ದಾನೆ. ದಶಕಗಳಿಂದ ಸಲಿಂಗಿ ಗಂಡಸರ ಬಾರುಗಳಿಗೆ ಹೆಸರಾದ ಬೀದಿ ಇದೆಂದು ನನಗೂ ಗೊತ್ತಿರಲಿಲ್ಲ, ಭಾವನಿಗೂ ಗೊತ್ತಿರಲಿಲ್ಲ. ಈಗಲೂ ನಾನು ಅವನಿಗೆ ಹೇಳಿಲ್ಲ.

ಅಲ್ಲಿ ರಾತ್ರಿಯೂಟ ಹತ್ತಕ್ಕೆ. ಬಂದರಿನ ಒಂದು ಹೋಟೆಲಿನಲ್ಲಿ ಹಂದಿಯಿಲ್ಲದ ತಿನಿಸು ಕೇಳಿ 'ಬುಲ್ಯಿತ್ ದೆ ಪೇಶ್' ತರಿಸಿದೆ. ಆಲೂಗಡ್ಡೆಯೊಡನೆ ಬೆಂದ ಮೀನು, ಮೇಲೆ ಬೆಳ್ಳುಳ್ಳಿಯ ಗೊಜ್ಜು. ಅದು ಮುಗಿದ ಮೇಲೆ ಅದೇ ಮೀನಿನ ಸಾರಿನಲ್ಲಿ ಬೇಯಿಸಿದ ಅನ್ನ ಬರುತ್ತದೆ. ಪಕ್ಕದ ಮೇಜಿನಲ್ಲಿ ಇಬ್ಬರು ಮುದುಕರು, ಎಪ್ಪತ್ತು ದಾಟಿದವರು. ಒಬ್ಬರ ಕೈ ನಡುಗುತ್ತಿತ್ತು. ಇನ್ನೊಬ್ಬರು ಮೀನಿನ ಮುಳ್ಳುಗಳನ್ನು ಒಂದೊಂದಾಗಿ ತೆಗೆದು, ಬಿಡಿಸಿದ ತುಂಡನ್ನು ಅವರ ತಟ್ಟೆಗೆ ಸರಿಸುತ್ತಿದ್ದರು. ಅಬ್ಬಾನ ಕಣ್ಣು ಮಂಜಾದ ಮೇಲೆ ನಮ್ಮ ಅಮ್ಮಿ ಹೀಗೇ ಮಾಡುತ್ತಿದ್ದಳು. ನಡುವೆ ಉಪ್ಪು ಹಾಕಿಕೊಳ್ಳುವ ವಿಷಯಕ್ಕೆ ಜಗಳವೂ ಆಯಿತು. ರಕ್ತದೊತ್ತಡ ಇರಬೇಕು.

ನಾನು ನೋಡುವುದನ್ನು ಕಂಡು ಮುಳ್ಳು ಬಿಡಿಸುವವರೇ ಇಂಗ್ಲಿಷಿನಲ್ಲಿ ಮಾತಿಗೆಳೆದರು. ಫ್ರಾಂಕೋ ಕಾಲದಲ್ಲಿ ಅಲೆಮಾರಿಗಳ ಕಾನೂನಿಗೆ 1954ರಲ್ಲಿ ಸಲಿಂಗಿಗಳನ್ನೂ ಸೇರಿಸಿದ್ದರು. 1970ರಲ್ಲಿ ಅದಕ್ಕೆ 'ಸಾಮಾಜಿಕ ಅಪಾಯ' ಎಂಬ ಹೊಸ ಹೆಸರು ಬಂತು. ಸಲಿಂಗಿಗಳನ್ನು ಆ ಪಟ್ಟಿಯಿಂದ ತೆಗೆಯಲು 1979 ಬರಬೇಕಾಯಿತು. 2005ರಲ್ಲಿ ಮದುವೆಯ ಹಕ್ಕೂ ಸಿಕ್ಕಿತು. "ಯೌವನದಲ್ಲಿ ಪೊಲೀಸರಿಗೆ ಹೆದರಿ ಈ ದ್ವೀಪಕ್ಕೆ ಓಡಿ ಬರುತ್ತಿದ್ದೆವು. ಈಗ ನೆಗಡಿಗೆ ಹೆದರಿ ಒಳಗೆ ಕೂರುತ್ತೇವೆ" ಎಂದರು. ನಾನು ನಕ್ಕೆ. ಕೋಣೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಬೀದಿಯ ಗದ್ದಲವನ್ನು ದೂರಬಹುದು, ಆದರೆ ಕಾರಣ ಅದಾಗಿರಲಿಲ್ಲ.

ಏಳನೆಯ ತರಗತಿಯಲ್ಲಿ ಉರ್ದು ಮೇಷ್ಟ್ರು ಗಜಲ್ ಪಾಠ ಮಾಡುತ್ತಿದ್ದರು. ಗಜಲಿನಲ್ಲಿ ಪ್ರಿಯತಮೆಯನ್ನು ಕರೆಯುವ ಕ್ರಿಯಾಪದ ಸಾಮಾನ್ಯವಾಗಿ ಪುಲ್ಲಿಂಗ. ಯಾಕೆಂದು ನಾವು ಕೇಳಿದ್ದಕ್ಕೆ, ಅದು ಅಲ್ಲಾಹನನ್ನು ಕುರಿತದ್ದು, ಇಲ್ಲವೇ ಬರೀ ರಿವಾಜು ಎಂದರು. ನನ್ನ ಪಕ್ಕದ ಗೆಳೆಯ ಎದ್ದು, "ಎರಡೂ ಅಲ್ಲದಿದ್ದರೆ ಸಾಬ್?" ಎಂದ. ಏಟು ತಿಂದ. ಮುಂದೆ ಕನ್ನಡ ಹೈಸ್ಕೂಲಿಗೂ, ಕಾಲೇಜಿಗೂ ಒಂದೇ ಸೈಕಲ್ಲಿನಲ್ಲಿ ಹೋದೆವು. ಪಿಯುಸಿಯಲ್ಲಿದ್ದಾಗ ಕೆರೆ ಏರಿಯ ಮೇಲೆ ಕೂತು ಅವನು ತನ್ನ ವಿಷಯ ನನಗೆ ಹೇಳಿದ. ನನಗೊಬ್ಬನಿಗೇ.

ಎರಡು ವರ್ಷಕ್ಕೆ ಒಂದು ರಾತ್ರಿ ಅವನೂ ದರ್ಜಿ ಅಂಗಡಿಯ ಹುಡುಗನೊಬ್ಬನೂ ಸಿಕ್ಕಿಬಿದ್ದರು. ಹಿರಿಯರು ಪಂಚಾಯ್ತಿ ಸೇರಿದರು. ಅವನ ಅಬ್ಬಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಗೆಳೆಯ ತಲೆ ಎತ್ತಿ, "ನಾನು ಕೆಟ್ಟವನಲ್ಲ, ಇವನನ್ನು ಕೇಳಿ" ಎಂದು ನನ್ನನ್ನು ತೋರಿಸಿದ. ಯಾರೋ ಕೇಳಿದರು, ನಿನಗೆ ಇದೆಲ್ಲ ಗೊತ್ತಿತ್ತೇನೋ ಎಂದು. ಗೊತ್ತಿರಲಿಲ್ಲ ಎಂದೆ. ಅವನ ಜೊತೆ ಸ್ನೇಹವೂ ಅಷ್ಟಕ್ಕಷ್ಟೇ ಎಂದೆ. ಇದನ್ನು ಯಾರೂ ಕೇಳಿರಲಿಲ್ಲ, ನಾನೇ ಸೇರಿಸಿದ್ದು. ಆ ವಾರವೇ ಅವನು ಬಾಂಬೆ ರೈಲು ಹತ್ತಿದ. ಇಷ್ಟು ಕಥೆಗಳನ್ನು ಬರೆದಿದ್ದೇನೆ, ಇದೊಂದನ್ನು ಬರೆಯಲಿಲ್ಲ.

ದೀನ್ ಈ ವಿಷಯದಲ್ಲಿ ಏನು ಹೇಳುತ್ತದೆ ಎಂದು ನಮ್ಮ ಆಲಿಮರು ಹೇಳಿಯೇ ಇದ್ದಾರೆ. ಅವರೊಡನೆ ವಾದಕ್ಕಿಳಿಯುವಷ್ಟು ಓದು ನನ್ನದಲ್ಲ. ಆದರೆ ಸುಳ್ಳು ಸಾಕ್ಷಿ ಹೇಳಿದವನು ನಾನು. ಅದರ ಲೆಕ್ಕ ಕೊಡಬೇಕಾದವನೂ ನಾನೇ, ಅವನಲ್ಲ.

ಮರುದಿನ ಬಸ್ಸಿನಲ್ಲಿ ದಕ್ಷಿಣದ ಉಪ್ಪಿನ ಗದ್ದೆಗಳನ್ನು ನೋಡಲು ಹೋದೆ. ಫಿನೀಷಿಯನ್ನರಿಂದ ಹಿಡಿದು ಇಲ್ಲಿ ಉಪ್ಪು ತೆಗೆಯುತ್ತ ಬಂದಿದ್ದಾರೆ. ಪಕ್ಕದಲ್ಲೇ ಎಸ್ ಕವಾಯೆತ್ ಎಂಬ ಕಡಲತೀರ. ತುದಿಯ ಕಲ್ಲುಗೋಪುರದವರೆಗೆ ನಡೆಯೋಣವೆಂದು ಹೊರಟವನಿಗೆ ಹೋದಷ್ಟೂ ಬಟ್ಟೆ ಕಡಿಮೆಯಾಗುತ್ತಾ, ಕೊನೆಗೆ ಪೂರ್ತಿ ಇಲ್ಲವಾಗಿ, ಬರೀ ಗಂಡಸರೇ ಉಳಿದರು. ಪ್ಯಾಂಟು ಮಡಿಸಿಕೊಂಡು ಕೊಡೆ ಹಿಡಿದ ನಾನೇ ಅಲ್ಲಿ ವಿಚಿತ್ರ ಪ್ರಾಣಿ. ಆ ಬೆತ್ತಲೆ ನನಗೆ ಇಷ್ಟವಾಗಲಿಲ್ಲ. ಕಡಲಹುಲ್ಲಿನ ಒಣ ಎಲೆಗಳ ರಾಶಿ ತುಳಿಯುತ್ತ, ನೆಲ ನೋಡುತ್ತ ವಾಪಸಾದೆ. ಕ್ಲಬ್ಬುಗಳ ಬಾಗಿಲಿಗೆ ನಾನು ಹೋಗಲಿಲ್ಲ. ಅಲ್ಲಿನ ಒಂದು ರಾತ್ರಿಯ ಟಿಕೆಟ್ಟಿನ ದುಡ್ಡಿನಲ್ಲಿ ನಮ್ಮ ಬೀದಿಯ ಒಂದು ಮನೆಯ ತಿಂಗಳ ರೇಷನ್ ಬರುತ್ತದೆ.

ಸಂಜೆ ಹೋಟೆಲಿನ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವ ಮೊರಾಕೊದ ಯುವಕ ನನ್ನ ಗಡ್ಡ ನೋಡಿ ಸಲಾಮ್ ಹೇಳಿದ. ಅವನ ಮುರುಕು ಇಂಗ್ಲಿಷ್, ನನ್ನ ಮುರುಕು ಅರಬಿ. ಬಾಡಿಗೆ ಕೊಡಲಾಗದೆ ಹಳೆಯ ವ್ಯಾನಿನಲ್ಲಿ ಮಲಗುತ್ತಾನಂತೆ. ಆ ದ್ವೀಪದಲ್ಲಿ ಬೇಸಿಗೆ ಕೆಲಸದವರು ಹಲವರ ಪಾಡು ಅದೇ. ಈ ಬೀದಿಯವರ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದೆ. "ಆ ಇಬ್ಬರು ಮುದುಕರು ನನಗೆ ಜ್ವರ ಬಂದಾಗ ಮಾತ್ರೆ ತಂದುಕೊಟ್ಟರು" ಎಂದಷ್ಟೇ ಹೇಳಿ ಪಾತ್ರೆಗೆ ಕೈ ಹಾಕಿದ.

2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು, ವಯಸ್ಕರ ಸಮ್ಮತಿಯ ಸಂಬಂಧಕ್ಕೆ 377ನೇ ಕಲಂ ಅನ್ವಯಿಸದು ಎಂದಾಗ ನಾನು ಪೇಪರು ಓದಿ ಮಡಚಿಟ್ಟಿದ್ದೆ. ಗೆಳೆಯನ ಅಮ್ಮಿ ಈಗಲೂ ನಮ್ಮ ಗಲ್ಲಿಯಲ್ಲೇ ಇದ್ದಾಳೆ. ಇಬಿಜಾದ ಉಪ್ಪಿನ ಒಂದು ಪೊಟ್ಟಣ ಕೊಟ್ಟು ಬರಲು ಹೋದೆ. ಮಗ ಹೊರದೇಶದಲ್ಲಿದ್ದಾನೆ ಎಂದು ಯಾರೋ ಆಕೆಗೆ ಹೇಳಿದ್ದಾರೆ. ಆಕೆಗೆ ಹೊರದೇಶವೆಲ್ಲ ಒಂದೇ.

ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಅಲ್ಲಿ ಅವನು ಸಿಕ್ಕಿದನೇನೋ ಬೇಟಾ?" ಎಂದು ಕೇಳಿದಳು.

ಇಲ್ಲ ಖಾಲಾ ಎಂದೆ. ಕೂರು, ಚಾ ಮಾಡುತ್ತೇನೆ ಎಂದಳು. ಕೂತೆ. ಆ ಪಂಚಾಯ್ತಿಯ ದಿನ ನಾನು ಏನೆಂದಿದ್ದೆ ಎನ್ನುವುದನ್ನು ಚಾ ಬರುವ ಮೊದಲೇ ಹೇಳಿದೆ. ಒಳಗೆ ಸ್ಟೌವಿನ ಸದ್ದು ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು.