ಓದುಗರಿದ್ದಾಗ ದುಡ್ಡಿರಲಿಲ್ಲ

1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಪಾದಿಸುವವರಲ್ಲಿ ಎರಡು ಪಂಗಡ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಗೆ ಕಂಪನಿ ಬಸ್ಸಿನಲ್ಲಿ ಹೋಗುವ ಸಾಫ್ಟ್‌ವೇರ್ ಎಂಜಿನಿಯರುಗಳು ಒಂದು ಕಡೆ. ಚಾಮರಾಜಪೇಟೆ, ಗಾಂಧಿನಗರ, ಬಳೇಪೇಟೆಯ ಕಿರಿದಾದ ಮೆಟ್ಟಿಲು ಹತ್ತಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಡಿಟಿಪಿ ಸೆಂಟರಿಗೆ ಹೋಗುವ ನಮ್ಮಂಥವರು ಇನ್ನೊಂದು ಕಡೆ. ಅವರಿಗೂ ನಮಗೂ ಮಾತಿಲ್ಲ ಕತೆಯಿಲ್ಲ. ಈ ಎರಡು ಪಂಗಡಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಕನ್ನಡದ ಬ್ಲಾಗುಗಳು. ಬ್ಲಾಗು ಬರೆದು ಬದುಕಬಹುದೇ ಸಾರ್ ಎಂದು ಈಗಲೂ ಹುಡುಗರು ಕೇಳುತ್ತಿರುತ್ತಾರೆ. ಹೌದು, ಇಲ್ಲ ಎಂಬ ಒಂದು ಮಾತಿನಲ್ಲಿ ಅದಕ್ಕೆ ಉತ್ತರ ಮುಗಿಯುವುದಿಲ್ಲ.

ನಾನು ಶಿವಮೊಗ್ಗ ಕಡೆಯಿಂದ ಬಂದವನು. ಕೈಯಲ್ಲಿ ಬಿ.ಎ. ಪದವಿ, ಕನ್ನಡ ಟೈಪಿಂಗ್ ಜೂನಿಯರ್ ಪರೀಕ್ಷೆ ಪಾಸಾದ ಸರ್ಟಿಫಿಕೇಟು. ಚಾಮರಾಜಪೇಟೆಯ ಪ್ರೆಸ್ಸೊಂದಕ್ಕೆ ಅಂಟಿಕೊಂಡಿದ್ದ ಡಿಟಿಪಿ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಮೊಳೆ ಜೋಡಿಸುವ ಕಾಲ ಆಗಲೇ ಮುಗಿದಿತ್ತು. ಸೀಸದ ಅಕ್ಷರಗಳನ್ನು ಮಾಲೀಕರು ತೂಕದ ಲೆಕ್ಕದಲ್ಲಿ ಮಾರಿಬಿಟ್ಟಿದ್ದರು. ಕಂಪೋಸಿಟರ್ ಆಗಿದ್ದ ಹಿರಿಯರೊಬ್ಬರು ಪ್ರೂಫ್ ನೋಡುವ ಕೆಲಸದಲ್ಲಿ ಉಳಿದುಕೊಂಡಿದ್ದರು. ಮದುವೆ ಕರೆಯೋಲೆ, ಗೈಡು, ಚುನಾವಣಾ ಕರಪತ್ರ, ಕವನ ಸಂಕಲನ ಎಲ್ಲವೂ ಪೇಜ್‌ಮೇಕರಿನಲ್ಲಿ. ಪುಟಕ್ಕಿಷ್ಟು ಎಂದು ಕೂಲಿ. ಕವನ ಸಂಕಲನ ಬಂದರೆ ನಮಗೆ ಹಬ್ಬ, ಪುಟದಲ್ಲಿ ಅಕ್ಷರ ಕಡಿಮೆ.

ತಲೆನೋವಿದ್ದದ್ದು ಫಾಂಟಿನಲ್ಲಿ. ಶ್ರೀಲಿಪಿ ತಂತ್ರಾಂಶಕ್ಕೆ ಒಂದು ಸಂಕೇತ ವ್ಯವಸ್ಥೆ, ಆಕೃತಿ ತಂತ್ರಾಂಶಕ್ಕೆ ಇನ್ನೊಂದು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಉಚಿತವಾಗಿ ಕೊಟ್ಟ ‘ಬರಹ’ಕ್ಕೆ ಮತ್ತೊಂದು. ಒಂದು ಮನೆಯ ಬೀಗದ ಕೈ ಪಕ್ಕದ ಮನೆಗೆ ಆಗದ ಹಾಗೆ, ಒಂದರಲ್ಲಿ ಟೈಪು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಅಕ್ಷರದ ಬದಲು ಚಿಹ್ನೆಗಳ ಸಂತೆ. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ‘ನುಡಿ’ ತಂತ್ರಾಂಶವನ್ನು ತಂದ ಮೇಲೆ ಸರ್ಕಾರಿ ಕಚೇರಿಗಳ ಮಟ್ಟಿಗೆ ಪರದಾಟ ಕಡಿಮೆಯಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ಸರ್ಕಾರ ಒಪ್ಪಿಕೊಂಡಿತ್ತು. ನನ್ನ ಬೆರಳಿಗೆ ಇಂದಿಗೂ ಗೊತ್ತಿರುವುದು ಆ ವಿನ್ಯಾಸ ಮಾತ್ರ.

ಹೊರಗಿನ ದೊಡ್ಡ ಪ್ರಪಂಚದಲ್ಲಿ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆ ತರುವ ಯೂನಿಕೋಡಿನ ಕೆಲಸ ನಡೆದಿತ್ತು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿತ್ತು. ಆದರೆ ಅದು ಮಾಮೂಲಿ ಜನರ ಕಂಪ್ಯೂಟರಿಗೆ ಇಳಿದದ್ದು ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟನ್ನು ಹೊತ್ತು ಬಂದ ಮೇಲೆ, 2001ರ ಕೊನೆಗೆ. ಅದೂ ಸಲೀಸಾಗಿ ಅಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಚೌಕದಲ್ಲಿ ಗುರುತು ಹಾಕಿ, ವಿಂಡೋಸ್ ಸಿ.ಡಿ. ತುರುಕಿ, ಮತ್ತೆ ಚಾಲೂ ಮಾಡಬೇಕು. ಸೈಬರ್ ಕೆಫೆಯವರು ಸಿ.ಡಿ. ಕೊಡುವವರಲ್ಲ. ಹಾಗಾಗಿ ಕೆಫೆಯಲ್ಲಿ ಕನ್ನಡ ಓದಬೇಕೆಂದರೆ ಮಾಲೀಕನ ಸ್ನೇಹ ಬೇಕಿತ್ತು.

ಅಂತರಜಾಲದಲ್ಲಿ ಕನ್ನಡ ಅದಕ್ಕೂ ಮೊದಲೇ ಇತ್ತು. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಶುರುವಾಗಿತ್ತು. ಎಸ್.ಕೆ. ಶಾಮಸುಂದರ ಅವರ ಸಂಪಾದಕತ್ವದ ‘ದಟ್ಸ್‌ಕನ್ನಡ’ದಲ್ಲಿ ವಾಷಿಂಗ್ಟನ್ನಿನಿಂದ ಶ್ರೀವತ್ಸ ಜೋಶಿ ಬರೆಯುತ್ತಿದ್ದ ‘ವಿಚಿತ್ರಾನ್ನ’ ಅಂಕಣಕ್ಕೆ ವಾರವಾರ ಕಾಯುವವರಿದ್ದರು. ಆದರೆ ಅವೆಲ್ಲ ಸಂಪಾದಕರಿರುವ ತಾಣಗಳು. ಯಾರನ್ನೂ ಕೇಳದೆ ತಾನೇ ಬರೆದು ತಾನೇ ಪ್ರಕಟಿಸಿಕೊಳ್ಳುವ ಅವಕಾಶ ಬಂದದ್ದು ಯೂನಿಕೋಡೂ ಬ್ಲಾಗರ್, ವರ್ಡ್‌ಪ್ರೆಸ್‌ಗಳೂ ಸೇರಿದ ಮೇಲೆ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’. ಅದರ ಹಿಂದೆಯೇ ಜಿ.ಎನ್. ಮೋಹನ್ ಅವರ ‘ಅವಧಿ’, ಅಬ್ದುಲ್ ರಶೀದ್ ಸಂಪಾದಕರಾಗಿದ್ದ ‘ಕೆಂಡಸಂಪಿಗೆ’, ಟಿ.ಜಿ. ಶ್ರೀನಿಧಿಯವರ ‘ಇಜ್ಞಾನ’. ಇವುಗಳ ಸುತ್ತ ನೂರಾರು ಒಂಟಿ ಬ್ಲಾಗುಗಳು.

ಬರೆಯುತ್ತಿದ್ದವರಲ್ಲಿ ಸಾಫ್ಟ್‌ವೇರಿನವರೇ ಹೆಚ್ಚು. ಅವರ ಬಳಿ ಕಂಪ್ಯೂಟರಿತ್ತು, ಆಫೀಸಿನ ಇಂಟರ್ನೆಟ್ಟಿತ್ತು, ಅಮೆರಿಕದ ಗಡಿಯಾರಕ್ಕೆ ಕಾಯುತ್ತ ಕೂರುವ ರಾತ್ರಿಯಿತ್ತು. ಊರಿನ ಅಡಿಕೆ ಸುಲಿಯುವ ದಿನಗಳು, ಆನ್‌ಸೈಟ್‌ನಲ್ಲಿ ಸಾರು ಮಾಡಲು ಪಟ್ಟ ಪಾಡು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಎಲ್ಲವೂ ಅಲ್ಲಿ ಲೇಖನವಾದವು. ಅವರಿಗೆ ಕನ್ನಡ ಟೈಪಿಂಗ್ ಬಾರದು, ನಮಗೆ ಎಚ್‌ಟಿಎಂಎಲ್ ಬಾರದು. ಒತ್ತಕ್ಷರ ಸರಿಯಾಗಿ ಮೂಡಿಸುವುದನ್ನು, ಅರ್ಕಾವತ್ತು ಎಡವಟ್ಟಾಗದಂತೆ ನೋಡಿಕೊಳ್ಳುವುದನ್ನು ನಾನು ಹೇಳಿಕೊಟ್ಟೆ. ಟೆಂಪ್ಲೇಟು ತಿದ್ದುವುದನ್ನು, ಡೊಮೇನು ಕೊಳ್ಳುವುದನ್ನು ಅವರಿಂದ ಕಲಿತೆ. ಬಸವನಗುಡಿಯ ಹೋಟೆಲುಗಳಲ್ಲಿ ಭಾನುವಾರ ಬೆಳಿಗ್ಗೆ ಕಾಫಿಗೆ ಸೇರುತ್ತಿದ್ದ ಗುಂಪಿನಲ್ಲಿ ಯಾರ ಸಂಬಳ ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ.

ಅದನ್ನು ಕೇಳುತ್ತಿದ್ದವರು ಊರಿನಲ್ಲಿದ್ದರು. ಒಂದು ಸಲ ಹಬ್ಬಕ್ಕೆ ಹೋದಾಗ ಚಿಕ್ಕಪ್ಪ ವಿಚಾರಿಸಿದರು.

“ಅದೆಂಥದೋ ಬರೀತೀಯಂತಲ್ಲೋ. ಎಷ್ಟು ಕೊಡ್ತಾರೆ?”

“ಏನೂ ಕೊಡಲ್ಲ ಚಿಕ್ಕಪ್ಪ. ನಮ್ಮದೇ ಜಾಗ, ನಾವೇ ಬರೆಯೋದು.”

“ಮತ್ತೆ ಕರೆಂಟು ಬಿಲ್ಲು ಯಾರು ಕಟ್ತಾರೆ ಮಾರಾಯ?”

ಉತ್ತರ ಹೇಳಲು ನನ್ನಿಂದಾಗಲಿಲ್ಲ. ಬ್ಲಾಗಿನಿಂದ ಬದುಕುವವರು ಆಗ ನಿಜಕ್ಕೂ ಇದ್ದರು, ಆದರೆ ಇಂಗ್ಲಿಷಿನಲ್ಲಿ. ರೂರ್ಕಿ ಐಐಟಿಯಲ್ಲಿ ಓದಿದ ಅಮಿತ್ ಅಗರ್‌ವಾಲ್ ಕೆಲಸ ಬಿಟ್ಟು ತಮ್ಮ ಆಗ್ರಾ ನಗರಕ್ಕೆ ಮರಳಿ, 2004ರಲ್ಲಿ ‘ಡಿಜಿಟಲ್ ಇನ್‌ಸ್ಪಿರೇಶನ್’ ಶುರು ಮಾಡಿ, ದೇಶದ ಮೊದಲ ಪೂರ್ಣಾವಧಿ ಬ್ಲಾಗರ್ ಎಂದು ಹೆಸರಾಗಿದ್ದರು. ನಮ್ಮ ಕಾಫಿ ಗುಂಪಿನಲ್ಲೂ ಒಬ್ಬ ಮೊಬೈಲು, ಲ್ಯಾಪ್‌ಟಾಪುಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದು ಸಂಬಳದ ಮೇಲೆ ಒಂದಿಷ್ಟು ಗಳಿಸುತ್ತಿದ್ದ. ಗೂಗಲ್ 2003ರಲ್ಲಿ ತಂದ ಆಡ್‌ಸೆನ್ಸ್ ಇದಕ್ಕೆಲ್ಲ ಆಧಾರ. ಪುಟದಲ್ಲಿ ಏನಿದೆಯೆಂದು ಯಂತ್ರ ಓದಿ, ಅದಕ್ಕೆ ಹೊಂದುವ ಜಾಹೀರಾತನ್ನು ಪಕ್ಕದಲ್ಲಿ ಕೂರಿಸುತ್ತಿತ್ತು. ಓದುಗ ಅದನ್ನು ಒತ್ತಿದರೆ ಜಾಹೀರಾತುದಾರ ಕೊಟ್ಟ ಹಣದಲ್ಲಿ ಬರೆದವನಿಗೂ ಆಗ ಪಾಲು ಸಿಗುತ್ತಿತ್ತು. ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ವಿಳಾಸ ಖಾತ್ರಿಗೆ ಒಂದು ಪಿನ್ ಸಂಖ್ಯೆ ಅಂಚೆಯಲ್ಲಿ ಬರುತ್ತಿತ್ತು. ನೂರು ಡಾಲರ್ ದಾಟಿದ ಮೇಲೆ ಚೆಕ್ಕು. ಮೊದಲ ಚೆಕ್ಕು ಬಂದ ದಿನ ಅವನು ಅದನ್ನು ಬ್ಯಾಂಕಿಗೆ ಹಾಕುವ ಮೊದಲು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡ.

ಕನ್ನಡಕ್ಕೆ ಆ ಬಾಗಿಲು ಮುಚ್ಚಿತ್ತು. ಆಡ್‌ಸೆನ್ಸ್ ಒಪ್ಪಿದ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಪಟ್ಟಿಯಲ್ಲಿಲ್ಲದ ಭಾಷೆಯ ಪುಟಕ್ಕೆ ಜಾಹೀರಾತು ಹಾಕುವುದು ನಿಯಮಕ್ಕೆ ವಿರುದ್ಧ. ನಿಯಮ ಬದಲಾಗಿದ್ದರೂ ದೊಡ್ಡ ಮೊತ್ತ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ದರ ನಿರ್ಧಾರವಾಗುವುದು ಹರಾಜಿನಲ್ಲಿ. ವಿಮೆ, ಸಾಲ, ವೆಬ್ ಹೋಸ್ಟಿಂಗ್ ಬಗ್ಗೆ ಬರೆದರೆ ಕೂಗುವವರು ಹಲವರು. ಅಜ್ಜಿಯ ತಂಬುಳಿಯ ಬಗ್ಗೆ ಬರೆದ ಸೊಗಸಾದ ಪ್ರಬಂಧದ ಪಕ್ಕ ನಿಲ್ಲಲು ಯಾವ ಬ್ಯಾಂಕು ಬಂದೀತು? ಇಂಗ್ಲಿಷಿನ ಗೆಳೆಯ ಬರೆಯುವ ವಿಷಯವನ್ನೇ ಈ ಹರಾಜು ನೋಡಿ ಆರಿಸಿಕೊಳ್ಳುತ್ತಿದ್ದ. ಕನ್ನಡದವರು ತಮಗೆ ಬೇಕಾದ್ದನ್ನು ಬರೆದರು. ಆ ಕಾಲದ ಕನ್ನಡ ಬ್ಲಾಗುಗಳ ಗದ್ಯ ಇಂದಿಗೂ ತಾಜಾ ಆಗಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ.

ಹಾಗಾದರೆ ಬ್ಲಾಗಿನಿಂದ ಅನ್ನ ಹುಟ್ಟಲೇ ಇಲ್ಲವೇ? ಹುಟ್ಟಿತು, ಬಳಸುದಾರಿಯಲ್ಲಿ. ಸುದ್ದಿತಾಣಗಳಿಗೆ ಯೂನಿಕೋಡಿನಲ್ಲಿ ಬೇಗ ಬರೆಯಬಲ್ಲವರು ಬೇಕಾಗಿದ್ದರು, ಅವರು ಹುಡುಕಿದ್ದು ಬ್ಲಾಗುಗಳಲ್ಲಿ. ಪತ್ರಿಕೆಗಳಿಗೆ ತಂತ್ರಜ್ಞಾನದ ಅಂಕಣಕಾರರು ಸಿಕ್ಕಿದ್ದು ಅಲ್ಲಿ. ಮೊಬೈಲ್ ತಯಾರಕರು, ಸರ್ಚ್ ಕಂಪನಿಗಳು ತಮ್ಮ ಮೆನುಗಳನ್ನು ಕನ್ನಡಕ್ಕೆ ತರಲು ಹೊರಟಾಗ ಅನುವಾದದ ಏಜೆನ್ಸಿಗಳು ಮಾದರಿಗೆಂದು ಕೇಳಿದ್ದು ಬ್ಲಾಗಿನ ಕೊಂಡಿಯನ್ನು. ನನಗೆ ಕೆಲಸ ಸಿಕ್ಕಿದ್ದೂ ಹಾಗೆಯೇ. ಡಿಟಿಪಿ ಬಿಟ್ಟು ಸಾಫ್ಟ್‌ವೇರ್ ಕನ್ನಡೀಕರಣಕ್ಕೆ ಬಂದೆ. ಪುಟಕ್ಕಿಷ್ಟು ಎಂಬ ಕೂಲಿ ಹೋಗಿ ಪದಕ್ಕಿಷ್ಟು ಎಂಬ ಕೂಲಿ ಬಂತು. ಫೈರ್‌ಫಾಕ್ಸ್, ಗ್ನೋಮ್ ಮುಂತಾದವುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರು ಬಿಡಿಗಾಸಿಲ್ಲದೆ ಹಾಕಿಕೊಟ್ಟ ಪದಗಳೇ ನಮಗೆ ಪಠ್ಯಪುಸ್ತಕ.

ಆ ಕೆಲಸದಲ್ಲಿ ಕಷ್ಟವಿದ್ದದ್ದು ವ್ಯಾಕರಣದಲ್ಲಿ. ಪ್ರೋಗ್ರಾಮಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಯಾವ ಹೆಸರು ಬಂದು ಕೂತರೂ ವಾಕ್ಯ ಅಲುಗುವುದಿಲ್ಲ. ಕನ್ನಡದಲ್ಲಿ ರಾಮನಿಗೆ, ಸೀತೆಗೆ, ಗುರುವಿಗೆ ಎಂದು ಹೆಸರಿನ ಕೊನೆಯೇ ಬದಲಾಗುತ್ತದೆ. ಅದಕ್ಕೇ ಎಲ್ಲರಿಗೂ ‘ಅವರು’ ಸೇರಿಸಿ, ವಿಭಕ್ತಿಯನ್ನು ಅದಕ್ಕೆ ತಗಲಿಸಿದೆವು. ಮೊಬೈಲಿನಲ್ಲಿ ಐದು ವರ್ಷದ ಮಗುವಿಗೂ ‘ಅವರಿಗೆ’ ಸಂದೇಶ ಹೋಗುವುದು ಇದೇ ಕಾರಣಕ್ಕೆ. ಮೊದಲೆಲ್ಲ ಫೋನುಗಳಲ್ಲಿ ಕನ್ನಡವೆಂದರೆ ಬರೀ ಚೌಕಗಳ ಸಾಲು. 2014ರ ಆಂಡ್ರಾಯ್ಡ್ ಲಾಲಿಪಾಪ್ ಕನ್ನಡದ ಮೆನು ಹೊತ್ತು ಬಂದಾಗ ಊರಿನಲ್ಲಿ ಚಿಕ್ಕಪ್ಪನ ಮಗನಿಗೆ ಸೆಟ್ಟಿಂಗ್ ಮಾಡಿಕೊಟ್ಟೆ. ಅವನು ಒಂದು ವಾರ ನೋಡಿ, “ಇಂಗ್ಲಿಷೇ ಇರಲಿ ಅಣ್ಣಾ, ಅಭ್ಯಾಸ ಆಗಿದೆ” ಎಂದು ಬದಲಾಯಿಸಿಕೊಂಡ.

ಅಷ್ಟರಲ್ಲಿ ಬ್ಲಾಗುಗಳ ಉಸಿರು ಕಮ್ಮಿಯಾಗುತ್ತ ಬಂದಿತ್ತು. ಯಾವ ಬ್ಲಾಗಿನಲ್ಲಿ ಹೊಸದೇನು ಬಂತೆಂದು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು. ಬರೆಯುವವರು ಫೇಸ್‌ಬುಕ್ಕಿಗೆ ಹೋದರು, ಓದುವವರು ಅವರ ಹಿಂದೆ ಹೋದರು. ಸಾವಿರ ಪದದ ಪ್ರಬಂಧ ಬರೆಯುತ್ತಿದ್ದವರು ನಾಲ್ಕು ಸಾಲಿಗೆ ತೃಪ್ತರಾದರು. 2014ರ ಕೊನೆಗೆ ಆಡ್‌ಸೆನ್ಸ್ ಹಿಂದಿಯನ್ನು ಒಪ್ಪಿಕೊಂಡಿತು. ಕನ್ನಡದ ಸರದಿ ಬರಲು ಮತ್ತೂ ಹಲವು ವರ್ಷ ಬೇಕಾಯಿತು. ಬಂದಾಗ ಬ್ಲಾಗುಗಳಲ್ಲಿ ಓದುಗರೇ ಇರಲಿಲ್ಲ. ಓದುಗರಿದ್ದಾಗ ದುಡ್ಡಿರಲಿಲ್ಲ, ದುಡ್ಡು ಬಂದಾಗ ಓದುಗರು ಎದ್ದು ಹೋಗಿದ್ದರು.

ಎದ್ದು ಹೋದವರು ವಿಡಿಯೊ ನೋಡುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ, ಓದಲು ಬೇಸರವಿದ್ದವರೂ ಕನ್ನಡದ ಗ್ರಾಹಕರಾದರು. ಅಲ್ಲಿ ಕನ್ನಡಕ್ಕೆ ನಿಜಕ್ಕೂ ದುಡ್ಡು ಹುಟ್ಟಿತು. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಬೇಕೆಂದು 2018ರಲ್ಲಿ ನಿಯಮವಾಯಿತು. ಅದನ್ನು ದಾಟಿದ ಕನ್ನಡದ ಚಾನೆಲ್ಲುಗಳು ಬಹಳ. ‘ಡಾ. ಬ್ರೋ’ ಎಂದೇ ಹೆಸರಾದ ಹುಡುಗ ದೇಶದೇಶ ಸುತ್ತಿ ತೋರಿಸಿದ್ದನ್ನು ನಮ್ಮೂರಿನ ಹೆಂಗಸರೂ ನೋಡುತ್ತಾರೆ. ಆದರೆ ಇಲ್ಲೂ ಹರಾಜಿನ ನಿಯಮ ಬದಲಾಗಿಲ್ಲ. ಅಡಿಕೆಗೆ ಕೊಳೆರೋಗ ಬಂದರೆ ಏನು ಮಾಡಬೇಕೆಂದು ಹೇಳುವ ಚಾನೆಲ್ಲಿಗೂ ಷೇರು ಮಾರುಕಟ್ಟೆಯ ಚಾನೆಲ್ಲಿಗೂ, ನೋಡುವವರ ಸಂಖ್ಯೆ ಒಂದೇ ಆದರೂ, ಸಿಗುವ ಹಣ ಒಂದೇ ಅಲ್ಲ.

ಕನ್ನಡೀಕರಣದ ಕೆಲಸವೂ ಬದಲಾಗಿದೆ. 2011ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ಕನ್ನಡ ಸೇರಿದಾಗ ಅದರ ವಾಕ್ಯಗಳನ್ನು ಓದಿ ನಗುತ್ತಿದ್ದೆವು. ಈಗ ನಗುವ ಹಾಗಿಲ್ಲ. ಯಂತ್ರ ಮೊದಲು ಅನುವಾದಿಸುತ್ತದೆ, ನಾವು ತಿದ್ದುತ್ತೇವೆ, ತಿದ್ದುವುದಕ್ಕೆ ದರ ಕಡಿಮೆ. ಚಾಮರಾಜಪೇಟೆಯಲ್ಲಿ ನಾನು ಕಂಡ ಆ ಹಿರಿಯ ಕಂಪೋಸಿಟರು ಪ್ರೂಫ್ ನೋಡಲು ಕೂತ ಕುರ್ಚಿಯಲ್ಲಿ ಈಗ ನಾವು ಕೂತಿದ್ದೇವೆ. ಅವರು ಬಾಳಿಕೆ ಬಂದದ್ದು ಭಾಷೆ ಚೆನ್ನಾಗಿ ಗೊತ್ತಿದ್ದರಿಂದ, ನಾವು ಉಳಿದಿರುವುದೂ ಅದರಿಂದಲೇ.

ಇಷ್ಟನ್ನೂ ಕಂಡ ಮೇಲೆ ನನ್ನ ತೀರ್ಮಾನ ಇದು. ಜಾಹೀರಾತನ್ನು ನಂಬಿ ಕನ್ನಡದಲ್ಲಿ ಬರೆದು ಬದುಕಿದವರನ್ನು ನಾನು ಹತ್ತಿರದಿಂದ ಕಂಡಿಲ್ಲ. ಓದುಗರಿಗೆ ನೇರವಾಗಿ ಮಾರಿ ಬದುಕಿದವರನ್ನು ಕಂಡಿದ್ದೇನೆ. ವಸುಧೇಂದ್ರ ಸಾಫ್ಟ್‌ವೇರ್ ಕೆಲಸ ಬಿಟ್ಟು ಪೂರ್ಣಾವಧಿ ಬರಹಗಾರರಾದದ್ದು ಪುಸ್ತಕಗಳನ್ನು ನೆಚ್ಚಿ, ತಮ್ಮದೇ ‘ಛಂದ ಪುಸ್ತಕ’ ಪ್ರಕಾಶನವನ್ನು ಕಟ್ಟಿಕೊಂಡು. ಬ್ಲಾಗಿನ ಎಷ್ಟೋ ಗೆಳೆಯರ ಬರಹ ಉಳಿದದ್ದೂ ಪುಸ್ತಕವಾದ ಮೇಲೆ. ಮಿಕ್ಕವರ ಡೊಮೇನಿನ ಅವಧಿ ಮುಗಿದು, ಬರೆದದ್ದೆಲ್ಲ ಹೇಳಹೆಸರಿಲ್ಲದೆ ಹೋಯಿತು.

ಆದ್ದರಿಂದ ಕೇಳುವ ಹುಡುಗರಿಗೆ ಹೇಳುವುದಿಷ್ಟು. ಬರೆಯಿರಿ, ಕೆಲಸ ಬಿಡಬೇಡಿ. ಬರೆದದ್ದರ ಒಂದು ಪ್ರತಿ ನಿಮ್ಮ ಬಳಿ ಇರಲಿ. ಯಾರಾದರೂ ಬರೆಸಿಕೊಂಡರೆ ಸಂಭಾವನೆ ಎಷ್ಟೆಂದು ಮೊದಲೇ ಕೇಳಿ. ಹೆಸರು ಬರುತ್ತಲ್ಲ, ಅದೇ ಸಂಭಾವನೆ ಎಂದು ನನಗೂ ಒಂದು ತಾಣದವರು ವರ್ಷಗಟ್ಟಲೆ ಹೇಳಿದ್ದರು. ಓದುಗರಿಗೂ ಒಂದು ಮಾತು: ಕನ್ನಡದಲ್ಲಿ ಒಳ್ಳೆಯದು ಕಂಡರೆ ಚಂದಾ ಕಟ್ಟಿ, ಪುಸ್ತಕ ಕೊಳ್ಳಿ. ಫಾರ್ವರ್ಡ್ ಮಾಡಿದರೆ ಬರೆದವರ ಮನೆಯ ಕರೆಂಟು ಬಿಲ್ಲು ಕಟ್ಟಿದಂತೆ ಆಗುವುದಿಲ್ಲ.